ಬೇಡ ಎನ್ನುವ ತಲೆ

"ಇದು ನಮ್ಮಜ್ಜಿ ಅಲ್ಲ."

ಔಷಧಿ ಅಂಗಡಿಯವನು ಫೋಟೋವನ್ನು ಸ್ಟುಡಿಯೋ ಕೌಂಟರಿನ ಗಾಜಿನ ಮೇಲೆ ಬೋರಲು ಹಾಕಿದ. ಸ್ಟುಡಿಯೋ ನಡೆಸುತ್ತಿದ್ದ ಅಣ್ಣ ಅದನ್ನೆತ್ತಿ, ಮತ್ತೆ ಅವನ ಕಡೆಗೆ ತಿರುಗಿಸಿ ಹಿಡಿದ.

"ಸರಿಯಾಗಿ ನೋಡಿ ಸಾರ್. ಕಣ್ಣು, ಮೂಗು, ಬಾಯಿ, ಎಲ್ಲಾ ಇದೆಯಲ್ಲ."

"ಇದೆ. ಆದ್ರೆ ಯಾರದ್ದೋ ಇದೆ."

ಒಳಗೆ ಕಂಪ್ಯೂಟರಿನ ಮುಂದೆ ಕೂತಿದ್ದ ತಂಗಿಗೆ ನಗು ಬಂತು. ಆ ಮಾತು ಅಕ್ಷರಶಃ ನಿಜವಾಗಿತ್ತು. ಅಜ್ಜಿಯ ಫೋಟೋ ಎರಡು ಸಲವೂ ಅಲುಗಾಡಿ ಮಸುಕಾಗಿ ಬಂದಿತ್ತು. ಅದನ್ನು ಶಾರ್ಪ್ ಮಾಡಿ ಮಾಡಿ, ಕಣ್ಣಿಗೆ ಅಂಚು ಕೊಟ್ಟು, ಸುಕ್ಕುಗಳನ್ನು ಒಂದೊಂದಾಗಿ ಎತ್ತಿ ತೋರಿಸಿದವಳು ಅವಳೇ. ಕೊನೆಗೆ ಉಳಿದದ್ದು ಕತ್ತರಿಸಿ ಅಂಟಿಸಿದಂಥ ಒಂದು ಮುಖ. ಇಲ್ಲದ್ದನ್ನು ಎಲ್ಲಿಂದ ತರುವುದು ಹೇಳಿ?

ಆ ಸ್ಟುಡಿಯೋದಲ್ಲಿ ಕೆಲಸ ಹಂಚಿಕೆಯಾದದ್ದೇ ಹಾಗೆ. ಅಣ್ಣ ಕ್ಯಾಮೆರಾ ಹಿಡಿಯುತ್ತಿದ್ದ, ತಂಗಿ ಅವನು ಕೆಡಿಸಿದ್ದನ್ನು ಸರಿಮಾಡುತ್ತಿದ್ದಳು. ಬೆಳಕು ಸಾಲದಿದ್ದರೆ, ಫೋಕಸ್ ತಪ್ಪಿದರೆ, ಮದುಮಗನ ತಲೆಯ ಹಿಂದೆ ಕರೆಂಟ್ ಕಂಬ ಎದ್ದು ನಿಂತಿದ್ದರೆ, ಎಲ್ಲದಕ್ಕೂ ಅಣ್ಣನದು ಒಂದೇ ಮಂತ್ರ: "ಆಮೇಲೆ ನೋಡ್ಕೊಳ್ಳೋಣ ಬಿಡಿ, ತಂಗಿ ಇದ್ದಾಳೆ." ನನಗೂ ಒಂದು ಸಲ ಕ್ಯಾಮೆರಾ ಕೊಡು ಎಂದು ಅವಳು ಕೇಳಿದಾಗಲೆಲ್ಲ ಅವನು ಮುಖ ಅರಳಿಸಿ, "ನಿನ್ನಷ್ಟು ಚೆನ್ನಾಗಿ ಸರಿಮಾಡೋರು ಈ ಊರಲ್ಲೇ ಇಲ್ಲ ಕಣೇ" ಎನ್ನುತ್ತಿದ್ದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೊಗಳಿದವನ ಜೊತೆ ಜಗಳ ಆಡುವುದಾದರೂ ಹೇಗೆ! ಹಾಗಾಗಿ ಅವನು ಊಟಕ್ಕೆ ಹೋದಾಗ ಕ್ಯಾಮೆರಾ ತೆಗೆದು ಬಾಗಿಲ ಪಕ್ಕದ ಹೂಕುಂಡವನ್ನೋ, ಎದುರಿನ ಚಪ್ಪಲಿ ರಿಪೇರಿಯವನನ್ನೋ ಕ್ಲಿಕ್ಕಿಸುತ್ತ ಕೈ ಪಳಗಿಸಿಕೊಂಡಿದ್ದಳು.

"ನಾನೇನ್ ಮಾಡ್ಲಿ ಸಾರ್?" ಹೊರಗೆ ಅಣ್ಣ ಕೈಚೆಲ್ಲಿದ್ದ. "ಅಜ್ಜಿಯವರ ತಲೆ ಒಂದು ಗಳಿಗೆ ನಿಂತರೆ ತಾನೇ? ಫ್ಲಾಶ್ ಹಾಕೋಣ ಅಂದ್ರೆ ಕಣ್ಣಿನ ಆಪರೇಷನ್ ಆಗಿದೆ, ಬೇಡ ಅಂದ್ರಿ."

"ತಲೆ ನಡುಗೋದು ಕಾಯಿಲೆ ಕಣ್ರೀ. ಅವರೇನು ಬೇಕಂತ ಅಲ್ಲಾಡಿಸ್ತಾರಾ? ಗೋಡೆಗೆ ಹಾಕೋ ಫೋಟೋನ ನಾನು ಬದುಕಿರುವಾಗ್ಲೇ ನೋಡ್ಬೇಕು ಅಂತ ಒಂದೇ ಆಸೆ ಅವರಿಗೆ. ಆಗಲ್ಲ ಅಂದ್ರೆ ಹೇಳಿಬಿಡಿ, ಬೇರೆ ಕಡೆ ಹೋಗ್ತೀನಿ."

ತಂಗಿ ಎದ್ದು ಹೊರಗೆ ಬಂದಳು. "ಆಗುತ್ತೆ ಸಾರ್. ನಾನು ಬಂದು ತೆಗೀತೀನಿ."

ಅವನು ಹೋದಮೇಲೆ ಅಣ್ಣ ಮುಖ ಗಂಟಿಕ್ಕಿಕೊಂಡ. "ಗಿರಾಕಿ ಮುಂದೆ ನನ್ನ ಮಾನ ತೆಗೀತೀಯಲ್ಲೇ! ನನ್ನ ಕೈಲಿ ಆಗದ್ದು ನಿನ್ನ ಕೈಲಾಗುತ್ತಾ?"

"ನೋಡೋಣ."

"ನೋಡೋಣ ಅಲ್ಲ. ಕೆಟ್ಟರೆ ಇನ್ನೊಂದು ಸಲ ಕ್ಯಾಮೆರಾ ಸುದ್ದಿ ಎತ್ತಬಾರದು. ಸುಮ್ನೆ ಕಂಪ್ಯೂಟರ್ ಮುಂದೆ ಕೂತಿರಬೇಕು. ಒಪ್ಪಿಗೆನಾ?"

ತಂಗಿ ಒಮ್ಮೆ ಕ್ಯಾಮೆರಾದತ್ತ ನೋಡಿದಳು. "ಒಪ್ಪಿಗೆ" ಎಂದಳು.

ಅಜ್ಜಿ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೆಡ್‌ಮಿಸ್ ಆಗಿದ್ದವರು. ದನಿಯಲ್ಲಿ ಆ ಗತ್ತು ಇನ್ನೂ ಹಾಗೇ ಇತ್ತು. ಬಾಗಿಲಲ್ಲಿ ನಿಂತ ಅಣ್ಣ-ತಂಗಿಯನ್ನು ಕಂಡು, "ಬನ್ನಿ, ಬನ್ನಿ, ಒಳಗೆ ಬನ್ನಿ" ಎಂದರು. ತಲೆ ಮಾತ್ರ ಅತ್ತಿಂದಿತ್ತ ಆಡುತ್ತ ಬೇಡ, ಬೇಡ ಎನ್ನುತ್ತಿತ್ತು. ತಂಗಿ ಹೊಸ್ತಿಲಲ್ಲೇ ಅನುಮಾನಿಸಿದ್ದನ್ನು ಕಂಡು ಅವರೇ ನಕ್ಕರು.

"ತಲೆ ಮಾತು ಕೇಳಬೇಡ ಹುಡುಗಿ, ಬಾಯಿ ಮಾತು ಕೇಳು. ಇದರ ದೆಸೆಯಿಂದ ಎಷ್ಟು ಮನೇಲಿ ನನಗೆ ಎರಡನೇ ಸಲ ಪಾಯಸ ತಪ್ಪಿದೆ ಗೊತ್ತಾ?"

ಹಾಲಿನಲ್ಲಿ ದಪ್ಪ ಪರದೆ, ಕಂದು ಸೋಫಾ, ಮಂಕು ಬೆಳಕು. ಅಣ್ಣ ಎರಡು ಸಲವೂ ಅವರನ್ನು ಆ ಸೋಫಾದಲ್ಲೇ ಕೂರಿಸಿದ್ದ. ತಂಗಿ ಪರದೆಗಳನ್ನು ಪೂರ್ತಿ ಸರಿಸಿದಳು, ಕಿಟಕಿಯ ಪಕ್ಕಕ್ಕೆ ಒಂದು ಮರದ ಕುರ್ಚಿ ತಂದಿಟ್ಟು ಅಜ್ಜಿಯನ್ನು ಕೂರಿಸಿದಳು. ಬೆಳಕು ಮುಖದ ಒಂದು ಕಡೆಯಿಂದ ಮೆಲ್ಲಗೆ ಬಂತು. ಆದರೆ ತಲೆ ಆಡುತ್ತಲೇ ಇತ್ತು. ಅಣ್ಣ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ.

"ಅಜ್ಜಿ, ಒಂದು ಮಾತು ಕೇಳಲಾ? ನೀವು ಕೆನ್ನೆ ಮೇಲೆ ಬೆರಳಿಟ್ಟರೆ ನಡುಕ ನಿಲ್ಲುತ್ತಾ?"

ಅಜ್ಜಿ ಕನ್ನಡಕದ ಮೇಲಿಂದ ನೋಡಿದರು. "ನಿಲ್ಲುತ್ತೆ. ತುಂಬಾ ಹೊತ್ತಲ್ಲ, ಸ್ವಲ್ಪ. ಮನೆಯವರಿಗೂ ಹೇಳಿಲ್ಲ ಅದನ್ನ. ನಿನಗೆ ಯಾರು ಹೇಳಿದ್ರು?"

"ನೀವೇ. ಹೋದ ಸಲ ಕೆನ್ನೆ ಕೆರ್ಕೊಳ್ತಿದ್ದಾಗ ಒಂದು ಫೋಟೋ ಬಂದಿತ್ತು. ಕಣ್ಣು ಮುಚ್ಚಿದೆ ಅಂತ ಅಣ್ಣ ಬೇಡ ಅಂದಿದ್ದ. ಅದೊಂದರಲ್ಲಿ ಮಾತ್ರ ಮುಖ ಸ್ವಲ್ಪವೂ ಅಲುಗಾಡಿರಲಿಲ್ಲ."

ಸೋಫಾದಲ್ಲಿ ಕಾಲು ಕೆಳಗಿಳಿಯಿತು.

ಅಜ್ಜಿ ಕೂಡಲೇ ತೋರುಬೆರಳನ್ನು ಕೆನ್ನೆಗೆ ಒತ್ತಿ, ಬೆನ್ನು ಸೆಟೆಸಿ, ಉಸಿರು ಬಿಗಿಹಿಡಿದು ಕೂತರು. ತಲೆ ನಿಂತಿತು. ತಂಗಿ ಕ್ಲಿಕ್ಕಿಸಿ ಕ್ಯಾಮೆರಾದ ಪರದೆಯನ್ನು ನೋಡಿದಳು. ಎಲ್ಲಾ ಸ್ಪಷ್ಟ, ಆದರೆ ಹಲ್ಲುನೋವಿನ ಜಾಹೀರಾತಿನ ಹಾಗಿತ್ತು.

"ಬಂತಾ?" ಎಂದ ಅಣ್ಣ ಎದ್ದು ಬಂದು, ಬಗ್ಗಿ ನೋಡಿದ. "ಪರವಾಗಿಲ್ಲ ಬಿಡೇ, ಇಷ್ಟು ಸಾಕು. ಬೆರಳನ್ನ ಆಮೇಲೆ ತೆಗೆದುಬಿಡೋಣ."

"ಆಮೇಲೆ ಇಲ್ಲ ಅಣ್ಣ," ಎಂದಳು. ದನಿ ತಾನಾಗಿ ಏರಿತ್ತು. "ಆಮೇಲೆ ಅನ್ನೋದೇ ಇಲ್ಲ. ಈಗಲೇ ಬರಬೇಕು."

ಅವನು ಹಿಂದೆ ಸರಿದ. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಕ್ಯಾಮೆರಾ ಎತ್ತಿದಳು. ಕಣ್ಣಿಗೆ ಹಚ್ಚಿ ಹಾಗೇ ನಿಂತಳು, ಒತ್ತಲಿಲ್ಲ.

"ಅಜ್ಜಿ, ನಿಮ್ಮ ಶಾಲೇಲಿ ಎಲ್ಲರಿಗಿಂತ ತರಲೆ ಹುಡುಗಿ ಯಾರು?"

"ಅಯ್ಯೋ, ಒಬ್ಬಳಾ ಇಬ್ಬರಾ!" ಅಜ್ಜಿ ಕುರ್ಚಿಗೊರಗಿದರು. ಫೋಟೋ ಮರೆತೇಹೋಯಿತು. "ಒಬ್ಬಳಿದ್ದಳು. ಪರೀಕ್ಷೆ ದಿನ ಶಾಲೆ ಗಂಟೆಯ ನಾಲಿಗೇನೇ ಬಿಚ್ಚಿ ಬಚ್ಚಿಟ್ಟಿದ್ದಳು. ಗಂಟೆ ಹೊಡೆದಿಲ್ಲ, ಪರೀಕ್ಷೆ ಹೇಗೆ ಶುರುವಾಗುತ್ತೆ ಮಿಸ್ ಅಂತ ನನ್ನನ್ನೇ ಕೇಳ್ತಾಳೆ! ಅವಳ ಹೆಸರು... ತಾಳು..."

ಹೆಸರನ್ನು ಹುಡುಕುತ್ತ ಅವರ ಬೆರಳು ತಾನಾಗಿಯೇ ಮೇಲೆದ್ದು ಕೆನ್ನೆಯನ್ನು ಮುಟ್ಟಿತು, ಒತ್ತಲಿಲ್ಲ, ಮುಟ್ಟಿತಷ್ಟೆ. ತಲೆ ನಿಂತಿತು. ಕಣ್ಣು ಕಿಟಕಿಯತ್ತ ಹೊರಳಿ, ಹೊಳೆದು, ತುಟಿಯ ತುದಿಯಲ್ಲಿ ನಗು ಏಳುತ್ತಿತ್ತು. ತಂಗಿ ಒತ್ತಿದಳು.

ಪರದೆಯನ್ನು ನೋಡುವ ಮೊದಲೇ ಅವಳಿಗೆ ಗೊತ್ತಾಗಿತ್ತು. ಬಂತು! ಬೆರಳಿನ ತುದಿಯಿಂದ ಹೊರಟ ಸಂತೋಷ ಮೈಯೆಲ್ಲ ಹರಡಿ, ಕುಣಿದುಬಿಡಬೇಕು ಅನ್ನಿಸಿತು. ಗಿರಾಕಿಯ ಮನೆ ಎಂದು ಸುಮ್ಮನಾದಳು. ಕುರ್ಚಿಯ ಪಕ್ಕ ಮೊಣಕಾಲೂರಿ, ಕ್ಯಾಮೆರಾವನ್ನು ಅಜ್ಜಿಯ ಮುಂದೆ ಹಿಡಿದಳು.

ಅಜ್ಜಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕ್ಯಾಮೆರಾವನ್ನು ಹತ್ತಿರಕ್ಕೆ ಎಳೆದು, ಮತ್ತೆ ದೂರ ತಳ್ಳಿ ನೋಡಿದರು.

"ಚೆನ್ನಾಗಿಲ್ವಾ ಅಜ್ಜಿ?"

"ಕನ್ನಡಿಯಲ್ಲೂ ನನ್ನ ಮುಖ ಹೀಗೆ ನಿಂತಿದ್ದನ್ನ ನೋಡಿ ಎಷ್ಟು ಕಾಲವಾಯ್ತೋ ಮಗಳೇ," ಎಂದರು ಅಜ್ಜಿ. ಕಣ್ಣು ತುಂಬಿ ಬಂದಿತ್ತು. "ಹೀಗಿದ್ದೀನಾ ನಾನು? ಪರವಾಗಿಲ್ಲ, ಚೆನ್ನಾಗೇ ಇದ್ದೀನಲ್ಲ!"

ತಲೆ ಬೇಡ, ಬೇಡ ಎನ್ನುತ್ತಲೇ ಇತ್ತು. ಅದರ ಮಾತನ್ನು ಅಲ್ಲಿ ಯಾರೂ ಕೇಳಲಿಲ್ಲ.

ಸ್ಟುಡಿಯೋಗೆ ಬಂದವನೇ ಅಣ್ಣ ಕ್ಯಾಮೆರಾದ ಮೆಮೊರಿ ಕಾರ್ಡ್ ಇಸಿದುಕೊಂಡು, ತಂಗಿಯ ಜಾಗದಲ್ಲಿ ಕೂತು ಫೋಟೋ ತೆರೆದ. ತಪ್ಪು ಹುಡುಕುವುದಕ್ಕೇ ಕೂತಿದ್ದಾನೆಂದು ಅವಳಿಗೆ ಗೊತ್ತಿತ್ತು. ಹಿಂದೆ ನಿಂತು ನೋಡುತ್ತಿದ್ದಳು. ಅವನು ಹಿಗ್ಗಿಸಿದ. ಸುಕ್ಕುಗಳು ಇದ್ದ ಹಾಗೇ, ಒಂದರೊಳಗೊಂದು ಮೆತ್ತಗೆ ಬೆರೆತಿದ್ದವು. ಇನ್ನೂ ಹಿಗ್ಗಿಸಿದ. ಹುಬ್ಬಿನ ಬಿಳಿ ಕೂದಲು ಎಣಿಸುವಷ್ಟು ಬಿಡಿಬಿಡಿಯಾಗಿ ಕಂಡವು. ಕೊನೆಗೆ ಪರದೆಯ ತುಂಬ ಒಂದು ಕಣ್ಣಷ್ಟೇ ಉಳಿಯಿತು. ಆ ಕಣ್ಣೊಳಗೆ ಕಿಟಕಿಯ ಸರಳುಗಳಿದ್ದವು. ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಸಣ್ಣದಾಗಿ, ಮೊಣಕೈಗಳನ್ನು ಎದೆಗೊತ್ತಿ ಕ್ಯಾಮೆರಾ ಹಿಡಿದು ನಿಂತ ಒಬ್ಬ ಹೆಂಗಸು.

ಅಣ್ಣ ಹಿಗ್ಗಿಸುವುದನ್ನು ನಿಲ್ಲಿಸಿ ಕುರ್ಚಿಗೆ ಒರಗಿದ. ಮೊಣಕಾಲು ಮೇಜಿಗೆ ತಗುಲುತ್ತಿತ್ತು. ಅತ್ತಿತ್ತ ಸರಿದು ನೋಡಿದ.

"ಏ, ಈ ಕುರ್ಚಿನ ಹಿಂದಕ್ಕೆ ಸರಿಸಿ, ಸ್ವಲ್ಪ ತಗ್ಗಿಸೋದು ಹೇಗೆ?" ಎಂದು ಕೇಳಿದ.

"ಬಲಗಡೆ ಒಂದು ಹಿಡಿ ಇದೆ ನೋಡು," ಎಂದಳು ತಂಗಿ. ಕ್ಯಾಮೆರಾ ಇನ್ನೂ ಅವಳ ಕೊರಳಲ್ಲೇ ಇತ್ತು.