ಹುಲಿ ಒಂದು, ಬಾಕಿ

ಆ ಶನಿವಾರ ಬೆಳಗ್ಗೆ ಗಾಳಿಗೆ ಮೈಮೇಲೆ ಎಚ್ಚರವಿರಲಿಲ್ಲ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು, ಬಿಸಿಲೂ ಹಿತವಾಗಿತ್ತು. ಗಾಳಿಯೊಂದು ಮಾತ್ರ ಬೀದಿಗಿಳಿದು, ಒಣಹಾಕಿದ ಬಟ್ಟೆಗಳನ್ನು ಎಳೆದಾಡುತ್ತ, ಸೈಕಲ್ ರಿಪೇರಿ ಅಂಗಡಿಯ ಬೋರ್ಡನ್ನು ತೊಟ್ಟಿಲಿನಂತೆ ತೂಗುತ್ತ, ಹೇಳುವವರು ಕೇಳುವವರು ಇಲ್ಲದಂತೆ ಓಡಾಡುತ್ತಿತ್ತು. ಕಂಡಕ್ಟರ್ ತಾತ ಒಂದು ಕೈಯಲ್ಲಿ ಟೋಪಿಯನ್ನೂ ಇನ್ನೊಂದರಲ್ಲಿ ತೊಗಲಿನ ಚೀಲವನ್ನೂ ಅದುಮಿ ಹಿಡಿದು, "ಸ್ವಲ್ಪ ಹಿಂದೆ ಸರಿಯಪ್ಪಾ, ಹತ್ತೋರಿಗೆ ದಾರಿ ಬಿಡು" ಎಂದು ಗಾಳಿಗೇ ಗದರುತ್ತ ಲೈಬ್ರರಿಯ ಮೆಟ್ಟಿಲು ಹತ್ತಿದ.

ಮೂವತ್ತೆರಡು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತನಾದ ಮನುಷ್ಯ ಅವನು. ಮನೆಯಲ್ಲಿ ಕೂತರೆ ಸೊಸೆ ಅಡುಗೆಮನೆಗೆ ಹೋಗುವಾಗಲೂ "ಒಳಗ್ಹೋಗಿ, ಒಳಗ್ಹೋಗಿ, ಒಳಗೆ ಖಾಲಿ ಇದೆ" ಅನ್ನುತ್ತಿದ್ದ. ತಡೆಯಲಾರದೆ ಸೊಸೆಯೇ ಒಂದು ದಿನ, "ಮಾವಾ, ನಿಮ್ಮ ಗಂಟಲಿಗೆ ಒಂದು ಕೆಲಸ ಹುಡುಕಿದೀನಿ" ಎಂದು ಈ ಲೈಬ್ರರಿಗೆ ಕರೆತಂದು ಬಿಟ್ಟಿದ್ದಳು. ಅಂದಿನಿಂದ ಪ್ರತಿ ಶನಿವಾರ ಹನ್ನೊಂದರಿಂದ ಹನ್ನೆರಡರವರೆಗೆ, ಇನ್ನೂ ಅಕ್ಷರ ಬಾರದ ಮಕ್ಕಳನ್ನು ಚಾಪೆಯ ಮೇಲೆ ಎರಡು ಸಾಲಾಗಿ ಕೂರಿಸಿ ಪುಸ್ತಕ ಓದಿ ಹೇಳುವುದು ಅವನ ಕೆಲಸ. ಓದುವುದಕ್ಕೆ ಮೊದಲು ಎಲ್ಲರಿಗೂ ಟಿಕೆಟ್. ಹಳೆಯ ಕ್ಯಾಲೆಂಡರಿನ ಹಾಳೆಯಿಂದ ತಾನೇ ಕತ್ತರಿಸಿದ ಚೀಟಿಗಳು. ಒಂದೊಂದಕ್ಕೂ ಟಿಕೆಟ್ ತೂತುಮಾಡುವ ಹಳೆಯ ಇಕ್ಕಳದಿಂದ 'ಟಕ್' ಎಂದು ಒಂದು ತೂತು. ಆಮೇಲೆ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದ. ಬಸ್ಸಿನಲ್ಲೂ ಮೊದಲ 'ರೈಟ್' ಹೇಳುವ ಮುನ್ನ ಹಾಗೇ ಮಾಡುತ್ತಿದ್ದನಂತೆ. ದೇವರಲ್ಲಿ ಅವನು ಬೇಡುತ್ತಿದ್ದದ್ದು ದೊಡ್ಡದೇನಲ್ಲ: ಹತ್ತಿದವರೆಲ್ಲ ಇಳಿಯಬೇಕಾದ ಕಡೆ ಇಳಿಯಲಿ, ಅಷ್ಟೇ.

ಈ ತಿಂಗಳು ಆ ಒಂದು ಕೋಣೆಯ ಲೈಬ್ರರಿಗೆ ಆರು ಹೊಸ ಚಿತ್ರದ ಪುಸ್ತಕಗಳು ಬಂದಿದ್ದವು. ಎಷ್ಟು ಹೊಸವೆಂದರೆ ಬಿಡಿಸಿದರೆ ಇನ್ನೂ ಮಸಿಯ ವಾಸನೆ. ಮಕ್ಕಳು ಮೊದಲು ಮೂಗಿನಿಂದಲೇ ಓದಿದರು. ಲೈಬ್ರರಿಯ ಮೇಡಂ ಅವನ್ನು ನೇರ ಗಾಜಿನ ಕಪಾಟಿಗೆ ಹಾಕಿ ಬೀಗ ಜಡಿಯುವವರಿದ್ದರು. ತಾತ ಅಡ್ಡ ಬಂದ.

"ಗಾಜಿನೊಳಗಿದ್ರೆ ಮಕ್ಳು ನೋಡೋದು ಗಾಜನ್ನ, ಮೇಡಂ. ಕೆಳಗಿನ ಗೂಡಲ್ಲಿಡಿ. ಕೈಗೆ ಸಿಗ್ಲಿ."

"ಕೈಗೆ ಸಿಕ್ರೆ ಬಾಯಿಗೂ ಸಿಗುತ್ತೆ ಕಂಡಕ್ಟ್ರೇ. ಹಿಂದಿನ ಸಲ ಬಂದ ಆನೆ ಪುಸ್ತಕದ ಸೊಂಡಿಲು ಯಾರೋ ತಿಂದೇ ಬಿಟ್ಟಿದ್ರು."

ಕಡೆಗೆ ಒಂದು ಒಪ್ಪಂದವಾಯಿತು. ಒಂದು ತಿಂಗಳು ಪುಸ್ತಕಗಳು ಕೆಳಗಿನ ಗೂಡಿನಲ್ಲೇ ಇರುತ್ತವೆ. ಪ್ರತಿ ಶನಿವಾರ ಮೇಡಂ ಪುಟ ಎಣಿಸುತ್ತಾರೆ. ಒಂದು ಪುಟ ಕಡಿಮೆಯಾದರೂ ಆರೂ ಪುಸ್ತಕ ಗಾಜಿನ ಕಪಾಟಿಗೆ, ಬೀಗದ ಕೈ ಮೇಡಂ ಸೊಂಟಕ್ಕೆ.

ಇವತ್ತು ತಾತ ಒಳಗೆ ಕಾಲಿಡುವಷ್ಟರಲ್ಲೇ ಮೇಡಂ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಹುಲಿಯ ಪುಸ್ತಕ.

"ಹದಿನಾರು ಹಾಳೆ ಇತ್ತು. ಈಗ ಹದಿನೈದು. ಮೂರು ಸಲ ಎಣಿಸ್ದೆ."

ತಾತ ಕಿಟಕಿಯತ್ತ ಕೈ ತೋರಿಸಿದ. "ಗಾಳಿ ನೋಡಿ ಹೆಂಗಿದೆ. ಕಿಟಕಿಗೆ ಪರದೇನೂ ಇಲ್ಲ. ಹಾರಿಸ್ಕೊಂಡು ಹೋಗಿರ್ಬೇಕು."

"ಕತ್ತರಿ ಹಿಡ್ಕೊಂಡು ಬರೋ ಗಾಳಿ ಯಾವ ಊರಿಂದು ಕಂಡಕ್ಟ್ರೇ?" ಮೇಡಂ ಪುಸ್ತಕವನ್ನು ಅವನ ಕೈಗೆ ತುರುಕಿದರು. "ಹರಿದಿದ್ದಲ್ಲ, ಕತ್ತರಿಸಿದ್ದು. ಅದೂ ಎಷ್ಟು ನೀಟಾಗಿ! ನೀವೇ ನೋಡಿ, ನಾನು ಬೀಗದ ಕೈ ತರ್ತೀನಿ."

ತಾತ ಕೊನೆಯ ಪುಟಗಳನ್ನು ಬಿಡಿಸಿದ. ನಿಜ. ಗೆರೆ ಎಳೆದ ಹಾಗೆ ನೇರ. ಕಡೆಯ ಹಾಳೆಯೇ ಇಲ್ಲ. ಅದು ಇರಬೇಕಾದ ಕಡೆ, ಹೊಲಿಗೆಯ ಸಂದಿಯಲ್ಲಿ, ಒಂದು ಚೀಟಿಯನ್ನು ಒಳಕ್ಕೆ ದೂಡಿದ್ದರು. ಅರ್ಧ ತಾರೀಖು ಕಾಣುವ ಕ್ಯಾಲೆಂಡರಿನ ತುಂಡು, ಅದಕ್ಕೊಂದು ತೂತು. ತಿರುಗಿಸಿ ನೋಡಿದರೆ ಹಿಂದೆ ಅವನದೇ ಕೋಳಿಕಾಲಿನ ಅಕ್ಷರ: 'ಹುಲಿ ೧, ಬಾಕಿ.'

ತಾತ ಪುಸ್ತಕದೊಳಗೆ ಹೆಬ್ಬೆರಳಿಟ್ಟು ಹಾಗೇ ಸ್ಟೂಲಿನ ಮೇಲೆ ಕೂತ.

ಹಿಂದಿನ ಶನಿವಾರ ನಡೆದದ್ದು ಇಷ್ಟು. ಪುಸ್ತಕದಲ್ಲಿ ಒಂದು ಹುಲಿ, ಅದಕ್ಕೆ ನಿದ್ದೆ ಬರುವುದಿಲ್ಲ. ಹೇಗೆ ಮಲಗುವುದೆಂದು ಊರೆಲ್ಲ ಕೇಳಿಕೊಂಡು ಹೊರಡುತ್ತದೆ. ಬಾವಲಿ ತಲೆಕೆಳಗಾಗಿ ಜೋತುಬೀಳು ಅನ್ನುತ್ತದೆ, ಕೊಕ್ಕರೆ ಒಂಟಿ ಕಾಲಲ್ಲಿ ನಿಲ್ಲು ಅನ್ನುತ್ತದೆ, ಮೀನು ಕಣ್ಣು ಬಿಟ್ಟುಕೊಂಡೇ ಮಲಗು ಅನ್ನುತ್ತದೆ. ಬಾವಲಿಯ ಪುಟದಲ್ಲಿ ಮಕ್ಕಳೆಲ್ಲ ಬೆಂಚಿನಿಂದ ತಲೆಕೆಳಗಾಗಿ ಜೋತುಬಿದ್ದು, ಅವರನ್ನು ಒಬ್ಬೊಬ್ಬರನ್ನಾಗಿ ಬಿಡಿಸಿ ನೆಟ್ಟಗೆ ಮಾಡುವುದರಲ್ಲೇ ಹೊತ್ತು ಹೋಯಿತು. ಹುಲಿ ಮಲಗುವ ಕೊನೆಯ ಪುಟ ತೆರೆಯಬೇಕು ಅನ್ನುವಾಗ ಮೇಡಂ ಹನ್ನೆರಡರ ಗಂಟೆ ಬಾರಿಸಿಯೇ ಬಿಟ್ಟರು. ಮಕ್ಕಳೆಲ್ಲ ಎದ್ದರು, ಒಬ್ಬಳು ಏಳಲಿಲ್ಲ.

ಅವಳು ಟೈಲರ್ ಅಜ್ಜಿಯ ಮೊಮ್ಮಗಳು, ನಾಲ್ಕು ವರ್ಷದವಳು. ಅಜ್ಜಿ ಹೊಲಿದ ಫ್ರಾಕಿನಲ್ಲಿ ಒಂದು ಗುಂಡಿಯಂತೆ ಇನ್ನೊಂದಿಲ್ಲ. ಕೆಂಪೊಂದು, ಹಳದಿಯೊಂದು, ಕೋಟಿನಿಂದ ಕಿತ್ತ ದಪ್ಪದೊಂದು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಬಟನ್. "ಹುಲಿ ಮಲಗ್ಲಿ, ಆಮೇಲೆ ಏಳ್ತೀನಿ" ಎಂದು ಪಟ್ಟು ಹಿಡಿದು ಕೂತಳು. ತಾತನಿಗೆ ಹಳೇ ಅಭ್ಯಾಸ ಕೈ ಹಿಡಿಯಿತು. ಚಿಲ್ಲರೆ ಇಲ್ಲದಾಗ ಟಿಕೆಟಿನ ಹಿಂದೆ ಬಾಕಿ ಬರೆದುಕೊಟ್ಟು, "ಇಳಿಯೋವಾಗ ಇಸ್ಕೊಳ್ಳಿ" ಅನ್ನುವುದಿಲ್ಲವೇ? ಅದೇ ರೀತಿ ಬಟನ್ನಿನ ಟಿಕೆಟ್ ತಿರುಗಿಸಿ ಗೀಚಿ, "ತಗೋ ತಾಯಿ, ಒಂದು ಹುಲಿ ಬಾಕಿ. ಇದನ್ನ ತೋರ್ಸಿ ಇಸ್ಕೋ" ಅಂದಿದ್ದ. ಬಟನ್ ಟಿಕೆಟನ್ನು ಮುಷ್ಟಿಯಲ್ಲಿ ಮಡಚಿಕೊಂಡು, ಒಪ್ಪಿಗೆಯೆಂಬಂತೆ ತಲೆಯಾಡಿಸಿ ಹೋಗಿದ್ದಳು.

ಬುಧವಾರ ಟೈಲರ್ ಅಜ್ಜಿ ಕಿಟಕಿ ಪರದೆಗೆ ಅಳತೆ ತೆಗೆಯಲು ಬಂದಿದ್ದಳೆಂದು ತಾತನಿಗೆ ಗೊತ್ತಿತ್ತು. ಅಜ್ಜಿ ಬಂದಳೆಂದರೆ ಜೊತೆಗೆ ಮೊಮ್ಮಗಳು, ಕತ್ತರಿಯೂ ಬಂದ ಹಾಗೆ. ಟಿಕೆಟ್ ತೋರಿಸಿ ಇಸ್ಕೋ ಅಂದವನು ತಾನು. ಅವಳು ತೋರಿಸುವುದೇನು, ಟಿಕೆಟನ್ನೇ ಇಟ್ಟು ಇಸ್ಕೊಂಡಿದ್ದಳು.

ಮೇಡಂ ಇನ್ನೂ ಮೇಜಿನ ಖಾನೆಯಲ್ಲಿ ಬೀಗದ ಕೈ ತಡಕುತ್ತಿದ್ದರು. ಚೀಟಿಯನ್ನು ಅವರು ನೋಡಿರಲಿಲ್ಲ. ಅದನ್ನು ಜೇಬಿಗೆ ಇಳಿಬಿಟ್ಟರೆ ಮುಗಿಯಿತು, ಯಾರೋ ಕತ್ತರಿಸಿದರು ಅನ್ನುವುದಷ್ಟೇ ಉಳಿಯುತ್ತದೆ. ತಾತನ ಎರಡು ಬೆರಳು ಚೀಟಿಯನ್ನು ಅರ್ಧ ಹೊರಗೆ ಎಳೆದೂ ಆಗಿತ್ತು. ಅಷ್ಟರಲ್ಲಿ ಅವನಿಗೆ ತನ್ನ ಮೇಲೆಯೇ ನಗು ಬಂತು. ತಪ್ಪು ಟಿಕೆಟ್ ಕೊಟ್ಟವನು ತಾನು, ತಪ್ಪನ್ನು ಪ್ರಯಾಣಿಕರ ತಲೆಗೆ ಕಟ್ಟಿ ಅವರನ್ನೆಲ್ಲ ಇಳಿಸಿಬಿಡಲೇ? ಮೇಲಿರುವವನು ಟಿಕೆಟ್ ಕೇಳಿದ ದಿನ ಏನು ತೋರಿಸುವುದು?

ಎದ್ದು ಹೋಗಿ ಚೀಟಿಯನ್ನು ಮೇಡಂ ಮುಂದಿಟ್ಟ. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. "ಮಗು ಕದ್ದಿಲ್ಲ ಮೇಡಂ. ನಂದಲ್ಲದ ಹುಲೀನ ನಾನು ಬರ್ಕೊಟ್ಟೆ."

ಮೇಡಂ ಕನ್ನಡಕ ಹಣೆಗೇರಿಸಿ ಚೀಟಿಯ ಮುಂಬದಿ ಹಿಂಬದಿ ನೋಡಿದರು. ಅವರ ತುಟಿಯ ತುದಿ ಒಮ್ಮೆ ಅದುರಿತು, ಆದರೆ ಮಾತು ಸಡಿಲಲಿಲ್ಲ. "ಒಪ್ಪಂದ ಒಪ್ಪಂದಾನೇ. ಇವತ್ತೊಂದು ದಿನ ಓದಿ. ಹನ್ನೆರಡಕ್ಕೆ ಆರೂ ಕಪಾಟಿಗೆ."

"ಹಂಗಾದ್ರೆ ಇದೇ ಕೊನೇ ಟ್ರಿಪ್" ಅಂದ ತಾತ.

ಮಕ್ಕಳು ಬಂದರು. ಗಾಳಿ ಅವರ ಕೂದಲನ್ನೆಲ್ಲ ಹಕ್ಕಿಗೂಡು ಮಾಡಿತ್ತು. ಟೈಲರ್ ಅಜ್ಜಿ ಹೊಲಿದ ಪರದೆಗಳ ಗಂಟನ್ನು ಹೊತ್ತು ಬಂದು, ಕಿಟಕಿಯ ಬಳಿ ಇನ್ನೊಂದು ಸ್ಟೂಲ್ ಹತ್ತಿದಳು. ಬಟನ್ ಬಟ್ಟೆಯ ಚೀಲವೊಂದನ್ನು ಎದೆಗವಚಿಕೊಂಡು, ಎಂದಿನಂತೆ ಮೊದಲ ಸಾಲಿನಲ್ಲಿ ಕೂತಳು. ತಾತ ಎಲ್ಲರಿಗೂ ಟಿಕೆಟ್ ಕೊಟ್ಟ. ಕಣ್ಣು ಮುಚ್ಚಿದ. ಇವತ್ತು ಸ್ವಲ್ಪ ಹೆಚ್ಚು ಹೊತ್ತೇ ಮುಚ್ಚಿದ.

"ತಾತಾ, ನಿದ್ದೆ ಬಂತಾ?" ಎಂದು ಹಿಂದಿನ ಸಾಲಿನಿಂದ ಒಂದು ದನಿ.

"ಇಲ್ಲಪ್ಪ. ರೈಟ್, ಹೋಗೋಣ!"

ಹುಲಿ ಹೊರಟಿತು. ಬಾವಲಿ ಬಂತು, ಈ ಸಲ ತಾತ ಬೆಂಚನ್ನು ಮೊದಲೇ ಹೊರಗಿಡಿಸಿದ್ದ. ಕೊಕ್ಕರೆಯ ಪುಟಕ್ಕೆ ಹನ್ನೊಂದು ಮಕ್ಕಳು ಒಂಟಿ ಕಾಲಲ್ಲಿ ನಿಂತು, ಒಬ್ಬರ ಮೇಲೊಬ್ಬರು ಬಿದ್ದರು. ಮೀನಿನ ಪುಟಕ್ಕೆ ಎಲ್ಲರೂ ಕಣ್ಣು ಕಿಸಿದು ಕೂತರು, ನೀರು ಬರುವ ತನಕ. ಹುಲಿ ಸುಸ್ತಾಗಿ ಮನೆಗೆ ವಾಪಸ್ ಬಂತು. ತಾತ ಪುಟ ತಿರುಗಿಸಿದ. ಅಲ್ಲಿ ಬರೀ ರಟ್ಟು.

"ಆಮೇಲೆ?"

"ಆಮೇಲೆ..." ತಾತ ಪುಸ್ತಕವನ್ನು ಮಕ್ಕಳತ್ತ ತಿರುಗಿಸಿ ತೋರಿಸಿದ. "ಮುಂದಿನ ಸ್ಟಾಪೇ ಇಲ್ಲ ಮಕ್ಳಾ. ಹಾಳೆ ಇಲ್ಲ." ಬಟನ್ ಕಡೆ ನೋಡಬಾರದೆಂದು ಸೀಲಿಂಗ್ ಫ್ಯಾನನ್ನು ನೋಡಿದ.

ಗಲಾಟೆ ಎದ್ದಿತು. ಹುಲಿ ಇನ್ನೂ ಎಚ್ಚರವಾಗಿದೆಯಾ? ಒಂದು ವಾರದಿಂದಲಾ? ಅದಕ್ಕೆ ತಲೆನೋವು ಬರಲ್ವಾ? ಚಿಕ್ಕವನೊಬ್ಬ ಅಳುವುದಕ್ಕೆ ತುಟಿ ತಯಾರು ಮಾಡಿಕೊಂಡ.

"ಶ್‌ಶ್!" ಬಟನ್ ಎದ್ದು ನಿಂತಳು. "ಗಲಾಟೆ ಮಾಡ್ಬೇಡಿ. ಅದು ಮಲಗಿದೆ."

"ಎಲ್ಲಿ?"

"ನನ್ ಚೀಲದಲ್ಲಿ."

ಅವಳು ಚೀಲದೊಳಗೆ ಕೈಯಿಟ್ಟು, ಕಾದ ಹಾಲಿನ ಪಾತ್ರೆ ಎತ್ತುವಷ್ಟು ಜೋಪಾನವಾಗಿ ಹಾಳೆಯನ್ನು ಹೊರತೆಗೆದಳು. ಅದರ ಮೇಲೆ ಅಂಗೈಯಗಲದ ಒಂದು ಹೂವಿನ ಬಟ್ಟೆ, ಮೇಲಂಚಿಗಷ್ಟೇ ಸಣ್ಣ ಹೊಲಿಗೆ. ಬಟ್ಟೆಯ ಕೆಳಗಿನಿಂದ ಹುಲಿಯ ಬಾಲದ ತುದಿ ಮಾತ್ರ ಇಣುಕುತ್ತಿತ್ತು.

ಸ್ಟೂಲಿನ ಮೇಲಿದ್ದ ಟೈಲರ್ ಅಜ್ಜಿ ಪರದೆಯನ್ನು ಕೈಬಿಟ್ಟಳು. "ಅಯ್ಯೋ ನನ್ ಕರ್ಮವೇ! ಇದು ಲೈಬ್ರರೀದಾ? ತಾತ ಕೊಟ್ಟಿದ್ದು, ಟಿಕೆಟ್ ಕೊಟ್ಟು ತಗೊಂಡೆ ಅಂದ್ಲಲ್ಲ! ಹುಲಿಗೆ ಚಳಿ ಅಂತ ಎರಡು ದಿನ ಪ್ರಾಣ ತಿಂದ್ಲು, ಹೊದಿಕೆ ಹೊಲಿದ್ಕೊಟ್ಟೆ. ಬಿಡು ಮೇಡಮ್ಮಾ, ಪುಸ್ತಕಾನೂ ನಾನೇ ಹೊಲಿದ್ಕೊಡ್ತೀನಿ..."

ಮೇಡಂ ಕೈ ಎತ್ತಿ ಅವಳನ್ನು ಸುಮ್ಮನಾಗಿಸಿದರು. ಬೀಗದ ಕೈ ಅವರ ಬೆರಳಲ್ಲಿ ತೂಗುತ್ತಿತ್ತು. ಹತ್ತಿರ ಬಂದು ಬಟನ್ ಮುಂದೆ ಮಂಡಿಯೂರಿ ಕೂತರು. "ಯಾಕಮ್ಮ ಕತ್ತರಿಸ್ದೆ?"

"ಬಾಕಿ ಇತ್ತಲ್ಲ."

"ತಾತ ಕೊಡೋವರ್ಗೂ ಕಾಯ್ಬೇಕಿತ್ತು."

"ತಾತಂಗೆ ಮರೆವು. ಟೋಪಿ ಹಾಕ್ಕೊಂಡೇ ಟೋಪಿ ಹುಡುಕ್ತಾರೆ." ತಾತ ಮೆಲ್ಲನೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಅದಕ್ಕೆ ನಾನೇ ಇಸ್ಕೊಂಡೆ. ತಗೊಂಡಿರೋ ಜಾಗದಲ್ಲಿ ಚೀಟಿ ಇಟ್ಟಿದೀನಿ. ನೀವೇ ಹೇಳ್ತೀರಲ್ಲ, ಚೀಟಿ ಇಡಿ, ಚೀಟಿ ಇಡಿ ಅಂತ."

ಮೇಡಂ ಕಣ್ಣು ಬಟನ್ ಹಿಂದಿನ ಗೋಡೆಗೆ ಹೋಯಿತು. ಅಲ್ಲಿ ಅವರೇ ಬರೆದು ಅಂಟಿಸಿದ ಕಾಗದವಿತ್ತು: ಪುಸ್ತಕ ತೆಗೆದ ಜಾಗದಲ್ಲಿ ನಿಮ್ಮ ಚೀಟಿ ಇಡಿ.

"ಕಂಡಕ್ಟ್ರೇ" ಅಂದರು, ಹಿಂತಿರುಗಿ ನೋಡದೆ. "ಇಪ್ಪತ್ತಾರು ವರ್ಷದಿಂದ ದೊಡ್ಡ ದೊಡ್ಡವರಿಗೆಲ್ಲ ಇದನ್ನ ಹೇಳಿ ಹೇಳಿ ನನ್ ಗಂಟಲು ಬಿದ್ದೋಯ್ತು. ಮೇಷ್ಟ್ರು ಇಡಲಿಲ್ಲ, ವಕೀಲ್ರು ಇಡಲಿಲ್ಲ. ಇಟ್ಟೋಳು ಇವಳೊಬ್ಳು." ಎದ್ದು ಹೋಗಿ ರಿಜಿಸ್ಟರ್ ಬಿಡಿಸಿ, ಗಟ್ಟಿಯಾಗಿ ಓದುತ್ತ ಬರೆದುಕೊಂಡರು. "ಹುಲಿ, ಒಂದು. ತೆಗೆದುಕೊಂಡದ್ದು ಬುಧವಾರ. ವಾಪಸ್..." ಪೆನ್ನು ನಿಲ್ಲಿಸಿ ಬಟನ್ ಕಡೆ ನೋಡಿದರು. "ವಾಪಸ್ ಯಾವಾಗ ಬರೀಲಮ್ಮ?"

ಬಟನ್ ಹಾಳೆಯನ್ನು ಚೀಲಕ್ಕೆ ಒತ್ತಿಕೊಂಡಳು. "ಹುಲಿ ನಂದು."

ತಾತ ಸ್ಟೂಲಿನಿಂದಿಳಿದು ಚಾಪೆಯ ಮೇಲೆ ಅವಳ ಪಕ್ಕ ಕೂತ. "ತಪ್ಪು ನಂದು ಕಣವ್ವ. ಹುಲಿ ನನ್ ಜೇಬಲ್ಲಿರ್ಲಿಲ್ಲ, ಇವರೆಲ್ಲರ ಜೇಬಿಂದ ತೆಗ್ದು ನಿಂಗೊಬ್ಳಿಗೇ ಬರ್ಕೊಟ್ಟೆ. ನೋಡು, ಇವನಿಗೆ ಅಳು ಬರ್ತಿದೆ."

ಬಟನ್ ಅಳುವವನನ್ನು ನೋಡಿದಳು. ಹಾಳೆಯನ್ನು ನೋಡಿದಳು. ಆಮೇಲೆ ಮೇಡಂ ಕೈಯಲ್ಲಿದ್ದ ಬೀಗದ ಕೈಯನ್ನು.

"ಆ ಗಾಜಿನ ಕಪಾಟಲ್ಲಿ ಹಾಕ್ತೀರಾ?"

"ಅಲ್ಲಿ ಹಾಕಿದ್ರೆ?"

"ಎದ್ದಾಗ ಹುಲಿ ಹೊರಗೆ ಹೆಂಗೆ ಬರುತ್ತೆ?"

ಗಾಳಿ ಒಮ್ಮೆ ಕಿಟಕಿಯಿಂದ ನುಗ್ಗಿ, ಅರ್ಧ ಕಟ್ಟಿದ ಪರದೆಯನ್ನು ಉಬ್ಬಿಸಿ, ರಿಜಿಸ್ಟರಿನ ಹಾಳೆಗಳನ್ನೆಲ್ಲ ಪಟಪಟನೆ ಮಗುಚಿ ಹೋಯಿತು. ಮೇಡಂ ರಿಜಿಸ್ಟರನ್ನು ಅಂಗೈಯಿಂದ ಒತ್ತಿ ಹಿಡಿದರು. ಬೀಗದ ಕೈಯನ್ನು ಖಾನೆಯೊಳಗೆ ಹಾಕಿ ಮೊಣಕೈಯಿಂದ ಖಾನೆ ಮುಚ್ಚಿದರು.

"ಇಲ್ಲಮ್ಮ. ಕೆಳಗಿನ ಗೂಡಲ್ಲೇ ಇರುತ್ತೆ."

"ಹೊದಿಕೆ ಸಮೇತ?"

"ಸಮೇತ."

ಬಟನ್ ಎದ್ದಳು. ಮೇಜು ಅವಳ ಮೂಗಿನಷ್ಟೇ ಎತ್ತರ. ತುದಿಗಾಲಲ್ಲಿ ನಿಂತು, ಹೂವಿನ ಹೊದಿಕೆ ಜಾರದ ಹಾಗೆ ಎರಡೂ ಕೈಯಿಂದ ಹಾಳೆಯನ್ನು ಮೇಲೆತ್ತಿ, ಹುಲಿ ಎಚ್ಚರಗೊಳ್ಳದಂತೆ, ಒಂದು ಸದ್ದೂ ಮಾಡದೆ ಮೇಡಂ ಕೈಗಿಟ್ಟಳು.