ಅಳತೆ ನೋಡಿ ಜೋಡಿಸಿದ ಕಡತಗಳು

ಸರ್ಕಾರಿ ಕಚೇರಿಯಲ್ಲಿ ಹಳೆಯ ಕಾಗದವೊಂದನ್ನು ಕೇಳಿ ನೋಡಿ. "ಇಲ್ಲ" ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಹುಡುಕಿ ಇಲ್ಲ ಎಂದರೆ ಒಂದು ಮಾತು. ಕುರ್ಚಿಯಿಂದ ಏಳದೆಯೇ ಇಲ್ಲ ಎನ್ನುತ್ತಾರಲ್ಲ, ಅದಕ್ಕೆ ಮೈ ಉರಿಯುತ್ತದೆ. ನಮ್ಮ ಹೊಲಿಗೆಯಮ್ಮನಿಗೆ ಉರಿದದ್ದೂ ಅದಕ್ಕೇ.

ಹೊಲಿಗೆಯಮ್ಮ ಬೆಳೆದದ್ದು ಸರ್ಕಾರಿ ಅನಾಥಾಲಯದಲ್ಲಿ. ಜೊತೆಗೆ ಒಬ್ಬಳೇ ತಂಗಿ, ಪುಟ್ಟಿ. ಪುಟ್ಟಿಗೆ ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಯಾರೋ ಬಂದು ದತ್ತು ತೆಗೆದುಕೊಂಡು ಹೋದರು. ಅವಳ ಹೆಸರೂ ಬದಲಾಯಿತು, ಊರೂ ಬದಲಾಯಿತು. ಕೆಲವು ವರ್ಷಗಳಲ್ಲಿ ಅನಾಥಾಲಯ ಮುಚ್ಚಿತು, ಅದರ ಕಡತಗಳೆಲ್ಲ ಮಕ್ಕಳ ಕಲ್ಯಾಣ ಕಚೇರಿಗೆ ಬಂದವು. ಕಣ್ಣು ಮುಚ್ಚುವ ಮುಂಚೆ ತಂಗಿಯ ಮುಖ ನೋಡಬೇಕೆಂದು ಹೊಲಿಗೆಯಮ್ಮ ಆ ಕಚೇರಿಗೆ ಅರ್ಜಿ ಹಾಕಿದಳು. "ದಾಖಲೆ ಲಭ್ಯವಿಲ್ಲ" ಎಂದು ಒಂದೇ ಸಾಲಿನ ಉತ್ತರ ಬಂತು.

ಕೆಳಗಿದ್ದ ಸಹಿ ಅವಳ ಸ್ವಂತ ಗಂಡನದು! ಆ ಕಚೇರಿಯ ರೆಕಾರ್ಡ್ ರೂಮಿನ ಗುಮಾಸ್ತ ಅವನೇ. ಮನೆಯಲ್ಲಿ ಚಪ್ಪಲಿ ಸಾಲು ತಪ್ಪಿದರೂ ಸಹಿಸದವನು, ಹೆಂಡತಿಯಾದರೂ ಅರ್ಜಿ ಹಾಕಿಯೇ ಕೇಳಬೇಕು ಎನ್ನುವವನು. ಬೀದಿಯವರು ಅವನಿಗೆ ಅಚ್ಚುಕಟ್ಟಪ್ಪ ಎಂದೇ ಹೆಸರಿಟ್ಟಿದ್ದರು.

"ರೀ, ಹುಡುಕಿದ್ರಾ ಇಲ್ವಾ?" ಊಟಕ್ಕೆ ಕೂತವನ ಮುಂದೆ ಅವಳು ಕಾಗದ ಹಿಡಿದಳು.

"ಆ ರಾಶೀಲಿ ಹುಡುಕೋದೇನು ಬಂತು? ಓಬೀರಾಯನ ಕಾಲದ ಕಸ ಕಣೇ ಅದು."

"ಕಸಾನಾ? ನನ್ನ ತಂಗಿ ನಿಮಗೆ ಕಸಾನಾ?"

"ಎಲ್ಲಿಂದೆಲ್ಲಿಗೆ ಮಾತು ಎಳೀತೀಯಾ! ಒಂದ್ಸಲ ಬಂದು ನಮ್ಮ ರೂಮ್ ನೋಡು. ಸಾಹೇಬ್ರೇ ಬೆನ್ನು ತಟ್ಟಿ ಹೋಗಿದ್ದಾರೆ."

ಹೊಲಿಯಲು ಕೊಟ್ಟ ಬಟ್ಟೆಗಾಗಿ ಬಂದಿದ್ದ ಪಕ್ಕದ ಮನೆಯ ಮೇಡಂ ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡರು. ಅವರಿಗೆ ರಾಷ್ಟ್ರೀಯ ಪತ್ರಾಗಾರದಲ್ಲಿ ಕೆಲಸ. ದೇಶದ ಹಳೆಯ ಸರ್ಕಾರಿ ದಾಖಲೆಗಳನ್ನು ಹುಳು, ತೇವ, ಬೆಂಕಿಗಳಿಂದ ಕಾಪಾಡಿ, ಕೇಳಿದವರಿಗೆ ತೆಗೆದುಕೊಡುವ ಜಾಗ ಅದು.

"ಕರೀತಿದ್ದಾರಲ್ಲ, ನೋಡ್ಕೊಂಡೇ ಬರೋಣ ನಡೀರಿ," ಎಂದರು ಮೇಡಂ.

ಮರುದಿನ ಮೂವರೂ ಹೋದರು. ಗೋಡೆಗೆ ಹೊಸ ಬಣ್ಣ. ಕಬ್ಬಿಣದ ಕಪಾಟುಗಳ ತುಂಬ ಕೆಂಪು ಬಟ್ಟೆಯ ಕಟ್ಟುಗಳು, ಒಂದೂ ಅಂಚು ಮೀರಿರಲಿಲ್ಲ. ಅಚ್ಚುಕಟ್ಟಪ್ಪ ಮದುವೆಮನೆಯ ಯಜಮಾನನಂತೆ ಕೈಕಟ್ಟಿ ನಿಂತ. ಮೇಡಂ ಒಂದು ಕಟ್ಟು ಬಿಚ್ಚಿದರು. ಒಂದು ಮಗುವಿನ ಲಸಿಕೆ ಕಾರ್ಡು, ಅದರ ಕೆಳಗೆ ಹಾಲಿನ ಬಿಲ್ಲು, ಅದರ ಕೆಳಗೆ ಇನ್ಯಾವುದೋ ಮಗುವಿನ ಫೋಟೊ.

"ಇದೇನ್ರೀ ಇದು?"

"ಅಳತೆ ಪ್ರಕಾರ ಮೇಡಂ. ದೊಡ್ಡ ಕಾಗದ ಮೇಲಿನ ಹಲಗೆ, ಚಿಕ್ಕದು ಕೆಳಗಿನದು. ಮೊದಲು ಫೈಲಿಂದ ಒಂದೊಂದು ಒಂದೊಂದು ಕಡೆ ಚಾಚ್ಕೊಂಡು ಅಸಹ್ಯವಾಗಿತ್ತು. ಈಗ ಹೊಸದಾಗಿ ಬರೋದನ್ನೂ ಹೀಗೇ ಸೇರಿಸ್ತೀನಿ."

"ಫೈಲಿನ ರಟ್ಟು? ಹೆಸರು, ನಂಬರು ಬರೆದಿರ್ತಾರಲ್ಲ?"

"ಗಟ್ಟಿ ಇದ್ದದ್ದನ್ನೆಲ್ಲ ತಿರುಗಿಸಿ ಹೊಸ ಫೈಲಿಗೆ ಹಾಕ್ಕೊಂಡ್ವಿ. ಸರ್ಕಾರಕ್ಕೆ ಉಳಿತಾಯ ನೋಡಿ!"

ಹೊಲಿಗೆಯಮ್ಮನ ಪಿತ್ತ ನೆತ್ತಿಗೇರಿತು. "ಗಿರಾಕಿ ಅಂಗಿಗಳನ್ನೆಲ್ಲ ಬಿಚ್ಚಿ, ತೋಳೆಲ್ಲ ಒಂದು ಗಂಟು, ಕಾಲರೆಲ್ಲ ಒಂದು ಗಂಟು ಕಟ್ಟಿಟ್ಟು, ನಿಮ್ಮ ಅಂಗಿ ಇಲ್ಲ ಅಂದ್ರೆ ನನ್ನನ್ನ ಸುಮ್ನೆ ಬಿಡ್ತಾರೇನ್ರೀ? ಅದಕ್ಕೊಂದು ಶಭಾಷ್‌ಗಿರಿ ಬೇರೆ!"

"ಹಳೇದು ಯಾರಿಗೆ ಬೇಕಾಗುತ್ತೆ ಅಂತ..." ಅವನು ತೊದಲಿದ.

"ಅದನ್ನ ತೀರ್ಮಾನ ಮಾಡೋಕೆ ನೀವ್ಯಾರು?" ಮೇಡಂ ದನಿ ಏರಿತು. "ಒಂದು ಮಗುವಿನ ಕಾಗದವೆಲ್ಲ ಒಂದೇ ಫೈಲಲ್ಲಿ, ಬಂದ ಕ್ರಮದಲ್ಲೇ ಇರ್ಬೇಕು. ಯಾವ ಕಡತ ಎಷ್ಟು ವರ್ಷ ಇಡ್ಬೇಕು ಅಂತ ನಿಯಮ ಇದೆ. ಅವಧಿ ಮುಗೀತು ಅಂತ ನಿಮ್ಮಷ್ಟಕ್ಕೇ ಬಿಚ್ಚೋ ಹಾಗಿಲ್ಲ, ಸುಡೋ ಹಾಗಿಲ್ಲ, ರದ್ದಿಗೆ ಹಾಕೋ ಹಾಗಿಲ್ಲ. ನಮ್ಮನ್ನ ಕೇಳ್ಬೇಕು. ಉಳೀಬೇಕಾದ್ದು ಪತ್ರಾಗಾರಕ್ಕೆ ಬರ್ಬೇಕು. ಇಷ್ಟು ವರ್ಷ ಒಂದು ಕಡತಾನೂ ಯಾಕೆ ಕಳಿಸಲಿಲ್ಲ?"

ಅವನು ಬಿಚ್ಚಿದ ಕಟ್ಟನ್ನೇ ಅಂಚು ಸರಿಮಾಡಿ ಮತ್ತೆ ಕಟ್ಟತೊಡಗಿದ.

ಪತ್ರಾಗಾರ ಪತ್ರ ಬರೆದು ಕಟ್ಟುಗಳನ್ನೆಲ್ಲ ತರಿಸಿಕೊಂಡಿತು. ಮೂಲೆಯಲ್ಲಿ ಬರೆದ ದಾಖಲಾತಿ ನಂಬರು, ಗುಂಡುಪಿನ್ನಿನ ತುಕ್ಕಿನ ಗುರುತು, ಟ್ಯಾಗಿನ ತೂತು ತಾಳೆ ನೋಡಿ ಒಂದೊಂದೇ ಮಗುವಿನ ಕಾಗದಗಳನ್ನು ಮತ್ತೆ ಕೂಡಿಸಬೇಕಾಯಿತು. ಬಿಚ್ಚಿದವನನ್ನೂ ಆ ಕೆಲಸಕ್ಕೆ ಕೂರಿಸಿದರು. ಆಗಬೇಕಾದ್ದೇ! ತಿಂಗಳುಗಟ್ಟಲೆ ಕತ್ತು ನೋಯಿಸಿಕೊಂಡ. ಎಷ್ಟೋ ಮಕ್ಕಳ ಅರ್ಧ ಕಾಗದ ಸಿಗಲೇ ಇಲ್ಲ.

ಪುಟ್ಟಿಯದು ಸಿಕ್ಕಿತು. ದೊಡ್ಡ ಕಾಗದಗಳ ಕಟ್ಟಿನಲ್ಲಿ ದತ್ತಕದ ಆದೇಶ, ಅದರಲ್ಲಿ ಅವಳ ಹೊಸ ಹೆಸರು. ಅದೇ ಹೆಸರಿನ ಒಂದು ಪತ್ರ ಚಿಕ್ಕ ಕಾಗದಗಳ ಕಟ್ಟಿನಲ್ಲಿತ್ತು. ಬರೆದು ತುಂಬ ವರ್ಷವೇನೂ ಆಗಿರಲಿಲ್ಲ.

"ಓದ್ರೀ," ಎಂದಳು ಹೊಲಿಗೆಯಮ್ಮ. "ಜೋರಾಗಿ ಓದಿ."

ಗಂಡ ಓದಿದ. "ನನಗೊಬ್ಬಳು ಅಕ್ಕ ಇದ್ದ ನೆನಪು. ಜಡೆ ಹಾಕುತ್ತಿದ್ದಳು. ಎಲ್ಲಿದ್ದಾಳೆಂದು ದಯವಿಟ್ಟು ತಿಳಿಸಿ." ಹಿಂದೆಯೇ ಕಚೇರಿಯ ಉತ್ತರದ ಪ್ರತಿಯನ್ನು ಪಿನ್ನು ಹಾಕಿ ಸೇರಿಸಿತ್ತು. ದಾಖಲೆ ಲಭ್ಯವಿಲ್ಲ. ಕೆಳಗೆ ತನ್ನದೇ ಸಹಿ.

"ನಿನ್ನ ತಂಗೀಗೂ ನಾನೇ... ತಪ್ಪಾಯ್ತು ಕಣೇ. ಇನ್ನು ಹುಡುಕದೆ ಇಲ್ಲ ಅಂತ ಬರೆದ್ರೆ ಈ ಕೈ ಕತ್ತರಿಸು."

ಅವಳು ಅವನತ್ತ ತಿರುಗಿಯೂ ನೋಡಲಿಲ್ಲ. ಪತ್ರದಲ್ಲಿದ್ದ ನಂಬರಿಗೆ ಫೋನ್ ಮಾಡಿದಳು. "ಪುಟ್ಟೀ, ನಾನು ಅಕ್ಕ ಕಣೇ," ಎಂದಳು.

ಆ ಕಡೆಯಿಂದ ಹೆದರಿದ ದನಿಯೊಂದು ಕೇಳಿತು: "ನೀವು ಇಲ್ಲ ಅಂತ ಸರ್ಕಾರದೋರೇ ಬರೆದಿದ್ರಲ್ಲ?"

ಕಚೇರಿಯಲ್ಲಿ ಕೂತವರೇ, ಕಡತ ಬಿಚ್ಚಬೇಡಿ, ಮಾರಬೇಡಿ, ಮೆಟ್ಟಿಲ ಕೆಳಗೆ ಕೊಳೆಯಲು ಬಿಡಬೇಡಿ. ಗೊತ್ತಿಲ್ಲದಿದ್ದರೆ ಪತ್ರಾಗಾರದವರನ್ನು ಕೇಳಿ, ಹೇಳಿಕೊಡುತ್ತಾರೆ. ಅರ್ಜಿ ಹಾಕಿದವರೇ, "ಇಲ್ಲ" ಎಂದೊಡನೆ ತಲೆ ತಗ್ಗಿಸಿ ಮನೆಗೆ ಬರಬೇಡಿ. ಎಲ್ಲಿ ಹುಡುಕಿದಿರಿ, ಪತ್ರಾಗಾರಕ್ಕೆ ಕಳಿಸಿದ್ದೀರಾ, ನಾಶ ಮಾಡಿದ್ದರೆ ಯಾರ ಅಪ್ಪಣೆಯಿಂದ ಎಂದು ಕಾಗದದಲ್ಲೇ ಕೇಳಿ, ಕಾಗದದಲ್ಲೇ ಉತ್ತರ ಪಡೆಯಿರಿ. ಕೇಳಲು ಸಂಕೋಚವೇಕೆ? ಆ ಕಡತಗಳಲ್ಲಿ ಇರುವುದು ನಮ್ಮ ಮನೆಯವರು.