ಕೂಸು ಮುಟ್ಟಿದ ಸುದ್ದಿ

ಉಪ್ಪಿನ ಸತ್ಯಾಗ್ರಹ ನಡೆದ ವರ್ಷದ ಬೇಸಿಗೆ. ಹೆಂಡತಿಯ ಮಣ್ಣು ಮುಗಿಸಿದ ಮರುವಾರವೇ ಹುಕ್ಕೇರಿಯ ಪರಪ್ಪ ಹಸಿಗೂಸನ್ನು ಎದೆಗೆ ಕಟ್ಟಿಕೊಂಡು ಮೂಡಲಗಿಗೆ ಹೊರಟ. ಅಲ್ಲಿ ಅವನ ತಂಗಿ ಗೌರವ್ವ ಬಾಣಂತಿ. ತನ್ನ ಮಗನ ಜೊತೆ ಇದಕ್ಕೂ ಹಾಲೂಡುತ್ತೇನೆಂದು ಹೇಳಿ ಕಳಿಸಿದ್ದಳು.

ಕೊಣ್ಣೂರಿನವರೆಗೆ ಬೆಲ್ಲದ ಗಾಡಿ ಸಿಕ್ಕಿತು. ಮುಂದೆ ನಡಿಗೆಯೇ. ಗಾಡಿದಾರಿಯಲ್ಲಿ ನೆರಳಿರಲಿಲ್ಲ; ಅದಕ್ಕೇ ಅವನು ಹಳೇ ಕಾಲುವೆಗೆ ಇಳಿದ. ಬೇರೆ ಕಡೆ ಹೊಸದನ್ನು ತೋಡಿದ ಮೇಲೆ ಇದಕ್ಕೆ ನೀರು ಬಿಡುವುದು ನಿಂತು ವರ್ಷಗಳಾಗಿದ್ದವು. ತಳದಲ್ಲಿ ಹುಲ್ಲು ಒಣಗಿ ಮೆತ್ತಗಿತ್ತು. ಎರಡೂ ದಂಡೆಯ ಬೇವಿನ ಗಿಡಗಳು ಮೇಲೆ ಕೂಡಿಕೊಂಡಿದ್ದವು.

ಬಟ್ಟೆಯ ಬತ್ತಿಯಿಂದ ಕುಡಿಸಲು ತಂದಿದ್ದ ಆಡಿನ ಹಾಲು ಬಿಸಿಲೇರುವ ಮೊದಲೇ ಒಡೆಯಿತು. ಕೂಸು ಮೊದಲು ಜೋರಾಗಿ ಅತ್ತಿತು, ಆಮೇಲೆ ಸಣ್ಣಗೆ. ಆ ಸಣ್ಣ ದನಿಗೆ ಪರಪ್ಪ ಹೆದರಿದ. ಅಲ್ಲಿಂದ ಅವನು ನಡೆಯಲಿಲ್ಲ, ಓಡಿದ.

ಕಾಲುವೆ ತಿರುಗುವಲ್ಲಿ ಹೊಲಗೆಲಸದ ಹೆಂಗಸರು ಬುತ್ತಿ ಬಿಚ್ಚಿ ಕುಳಿತಿದ್ದರು. ಅವರಲ್ಲಿ ಶಂಕ್ರವ್ವ ಎಂಬುವಳು ಬೇವಿನ ಟೊಂಗೆಗೆ ಸೀರೆಯ ಜೋಲಿ ಕಟ್ಟಿ ತನ್ನ ಮಗಳನ್ನು ಮಲಗಿಸಿದ್ದಳು. ಪರಪ್ಪ ದೂರವೇ ನಿಂತು ತಾನು ಯಾವ ಊರಿನವ, ಯಾವ ಮಂದಿ ಎಂದು ಹೇಳತೊಡಗಿದ. ಅಷ್ಟರಲ್ಲಿ ಅವಳು ಎದ್ದು ಬಂದು ಕೈ ಚಾಚಿದ್ದಳು.

“ಕೂಸಿನ್ನ ಕೊಡ್ರಿ ಮೊದಲ. ಊರು ಆಮ್ಯಾಲ ಹೇಳೀರಂತ.”

ಅವನು ಅತ್ತ ಮುಖ ಮಾಡಿ ಕುಳಿತ. ಅಳು ನಿಂತು ಗುಟುಕು ಗುಟುಕಾಗಿ ನುಂಗುವ ಸದ್ದು ಬಂದಾಗ, ಹೆಂಡತಿ ಸತ್ತ ದಿನವೂ ಅಳದಿದ್ದ ಪರಪ್ಪ ರುಮಾಲಿನಲ್ಲಿ ಮುಖ ಮುಚ್ಚಿಕೊಂಡ. ಉಳಿದ ಹೆಂಗಸರು ಕಂಡೂ ಕಾಣದವರಂತೆ ತಮ್ಮ ಮಾತು ಮುಂದುವರಿಸಿದರು. ಒಬ್ಬಳು ಸುಮ್ಮನೆ ರೊಟ್ಟಿ ತಂದು ಪಕ್ಕದಲ್ಲಿಟ್ಟು ಹೋದಳು.

ಇದೇ ಕಾಲುವೆ ಹಿಡಿದು ಹೋದರೆ ನಾಗನೂರಿನಲ್ಲಿ ತನ್ನ ಅಕ್ಕ ಅಲ್ಲವ್ವ ಇದ್ದಾಳೆ, ಅವಳೂ ಹಾಲೂಡುವವಳೇ ಎಂದು ಶಂಕ್ರವ್ವ ಗುರುತು ಹೇಳಿದಳು. ಸಂಜೆಗೆ ಆ ಮನೆ ಸಿಕ್ಕಿತು. ಅಲ್ಲವ್ವ ಕೂಸನ್ನು ಒಳಗೊಯ್ದವಳು ಬೆಳಗಿನವರೆಗೂ ತನ್ನ ಮಗ್ಗುಲಲ್ಲೇ ಇಟ್ಟುಕೊಂಡಳು.

ಮೂಡಲಗಿಯಲ್ಲಿ ಗೌರವ್ವ ಕೂಸಿನ ಹೊಟ್ಟೆ ಮುಟ್ಟಿ ನೋಡಿ, ಉಪವಾಸ ಬಂದಿದೆ ಅಂದುಕೊಂಡಿದ್ದೆ, ಇದು ಉಂಡು ಬಂದಿದೆಯಲ್ಲ ಎಂದು ಬೆರಗಾದಳು. ಪರಪ್ಪ ಎಲ್ಲ ಹೇಳಿದ.

ಎರಡು ದಿನ ಉಳಿದು ಹೊರಟಾಗ ಗೌರವ್ವನ ಗಂಡ ಘಟಪ್ರಭಾ ಸ್ಟೇಶನ್ನಿಗೆ ಹೋಗುವ ಗಾಡಿಯಲ್ಲಿ ಜಾಗ ಹಿಡಿದಿದ್ದ. ಪರಪ್ಪ ಹತ್ತಲಿಲ್ಲ. ಕಾಲುವೆಯಲ್ಲೇ ಹಿಂದಿರುಗಿದ. ಅಲ್ಲವ್ವನಿಗೆ ಸುದ್ದಿ ಮುಟ್ಟಿಸಿದ. ಕಾಲುವೆಯ ತಿರುವಿನಲ್ಲಿ ಯಾರೂ ಇರಲಿಲ್ಲ. ಪಕ್ಕದ ಹೊಲಮನೆಗಳ ವಸ್ತಿಯಲ್ಲಿ ಕೇಳುತ್ತ ಕೇಳುತ್ತ ಶಂಕ್ರವ್ವನ ಅಂಗಳಕ್ಕೆ ಬಂದ. ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತುಗಳೊಂದೂ ನೆನಪಿಗೆ ಬರಲಿಲ್ಲ.

“ಕೂಸು ಮುಟ್ಟೇತ್ರಿ, ಯವ್ವಾ,” ಎಂದ. “ಆರಾಮ ಐತಿ.”

ಬೀಸುತ್ತಿದ್ದ ಶಂಕ್ರವ್ವ ಕಲ್ಲು ನಿಲ್ಲಿಸಿದಳು. “ಛಲೋ ಆತ್ರಿ. ಅವತ್ತಿನಿಂದ ನನ್ನ ಮಗಳಿಗೆ ಹಾಲ ಕುಡಸೂಮುಂದೆಲ್ಲ ಆ ಕೂಸ ನೆನಪಾಗತಿತ್ತು.”

ಅವಳ ಗಂಡ ಗೋಕಾಕದ ನೂಲಿನ ಗಿರಣಿಗೆ ಕೆಲಸಕ್ಕೆ ಹೋಗಿದ್ದ. ಅಂಗಳದಲ್ಲಿ ಹುಣಸೆಯ ದೊಡ್ಡ ಬೊಡ್ಡೆಯೊಂದು ಸೀಳದೆ ಬಿದ್ದಿತ್ತು. ಪರಪ್ಪ ಕೊಡಲಿ ಕೇಳಿದ. ಯಾಕೆ ಸುಮ್ಮನೆ ಅಂದಳು, ಅವನು ಬಿಡಲಿಲ್ಲ. ಅಂಗಿ ಕಳಚಿಟ್ಟು ಸೀಳುತ್ತ ನಿಂತ. ಹೊತ್ತು ಇಳಿಯುವ ವೇಳೆಗೆ ಒಲೆಗೆ ಮಳೆಗಾಲಕ್ಕಾಗುವಷ್ಟು ಕಟ್ಟಿಗೆಯನ್ನು ಗೋಡೆಗೆ ಒಟ್ಟಿದ್ದ. ಅವಳು ಕೊಟ್ಟ ಮಜ್ಜಿಗೆ ಕುಡಿದು ಅವನು ಹುಕ್ಕೇರಿಯ ದಾರಿ ಹಿಡಿದ.